ಮುಖದ ಕ್ರೀಮಿನ ಡಬ್ಬಿಯಲ್ಲಿ ಏನಿದೆ? ಹಚ್ಚೋರಿಗೂ, ಲೋಳೆಸರ ಬೆಳೆಯೋರಿಗೂ ಒಂದು ಪಾಠ



ಕಳೆದ ವಾರ ತೆಂಗಿನ ನುಸಿಪೀಡೆ ಬಗ್ಗೆ ಬರೆದಿದ್ದೆ. ಈ ವಾರ ಮುಖಕ್ಕೆ ಹಚ್ಚೋ ಕ್ರೀಮಿನ ಬಗ್ಗೆ ಅಂದರೆ ಕೆಲವರಿಗೆ ನಗು ಬರಬಹುದು. ಬೇಸಾಯದ ಜಾಗದಲ್ಲಿ ಸೌಂದರ್ಯದ ಮಾತು ಯಾಕೆ ಅಂತ. ಎರಡು ಕಾರಣ ಇದೆ. ಒಂದು, ನನಗೆ ಬರೋ ಪ್ರಶ್ನೆಗಳಲ್ಲಿ "ಲೋಳೆಸರ ಹಾಕಬಹುದಾ, ಕ್ರೀಮ್ ಕಂಪನಿಯವರು ತಗೋತಾರಂತೆ" ಅನ್ನೋದು ಪದೇ ಪದೇ ಬರುತ್ತೆ. ಎರಡನೆಯದು, ದಿನಕ್ಕೆ ಎಂಟು ಗಂಟೆ ಬಿಸಿಲಿನಲ್ಲಿ ಇರೋ ಮುಖ ಯಾರದ್ದು? ನಮ್ಮದೇ ತಾನೆ.

ನಾನು ಓದಿದ್ದು ತೋಟಗಾರಿಕೆ, ಮೂಡಿಗೆರೆಯಲ್ಲಿ. ಮದುವೆಯಾಗಿ ಬೆಳ್ಳಾವಿಗೆ ಬಂದ ಮೇಲೆ ಮನೆಯ ಮೂರು ಎಕರೆಯಲ್ಲಿ ಸಾವಯವ ಬೇಸಾಯ ಮಾಡ್ತಾ ಇದ್ದೀನಿ. ಚರ್ಮದ ಡಾಕ್ಟರಲ್ಲ. ಆದರೆ ಔಷಧಿ ಬಾಟಲಿಯ ಹಿಂದಿನ ಚೀಟಿ, ಗೊಬ್ಬರದ ಮೂಟೆಯ ಮೇಲಿನ ಅಂಕಿ ಓದೋದು ನನ್ನ ಕಸುಬು. ಕ್ರೀಮಿನ ಡಬ್ಬಿಯನ್ನೂ ಹಾಗೇ ಓದಬಹುದು. ಇವತ್ತಿನ ಪಾಠ ಅಷ್ಟೇ.

ಹುಣಸೆಹಣ್ಣು ಕುಟ್ಟುವಾಗ ಬಂದ ಪ್ರಶ್ನೆ

ಹೋದ ಬೇಸಿಗೆಯಲ್ಲಿ ನಮ್ಮ ಜಗಲಿ ಮೇಲೆ ನಾಲ್ಕೈದು ಜನ ಹೆಂಗಸರು ಕೂತು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸ್ತಾ ಇದ್ದೆವು. ಪಕ್ಕದ ಮನೆ ಅಕ್ಕ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ಒಂದು ಗಾಜಿನ ಡಬ್ಬಿ ತೆಗೆದು ನನ್ನ ಮುಂದೆ ಇಟ್ಟರು. 50 ಗ್ರಾಂ, 700 ರೂಪಾಯಿ. ಮುಚ್ಚಳದ ಮೇಲೆ ಲೋಳೆಸರದ ಚಿತ್ರ, ಕೇಸರಿಯ ಚಿತ್ರ.

"ಮಗಳ ಮದುವೆ ಹತ್ರ ಬಂತು ಕಣಮ್ಮ. ಬೀಗರ ಕಡೆಯೋರು ನನ್ನ ನೋಡಿ ಹುಡುಗಿ ಅಜ್ಜಿನಾ ಅಂತ ಕೇಳಿದ್ರು. ನೀನು ಓದಿದೋಳು, ಇದರಲ್ಲಿ ಏನೈತೆ ನೋಡು. ಸುಕ್ಕು ಹೋಗುತ್ತಾ?"

ಅಕ್ಕನಿಗೆ ನಲವತ್ತಾರು ವಯಸ್ಸು. ನಗುತ್ತಲೇ ಹೇಳಿದರು, ಆದರೆ ಆ ಮಾತು ಅವರಿಗೆ ನಾಟಿತ್ತು ಅಂತ ನಮಗೆಲ್ಲ ಗೊತ್ತಾಯ್ತು. ಕುಟ್ಟೋದು ನಿಲ್ಲಿಸಿ ಡಬ್ಬಿ ತಿರುಗಿಸಿ ಓದೋಕೆ ಕೂತೆ.

ಮೊದಲು, ಮುಖಕ್ಕೆ ವಯಸ್ಸಾಗೋದು ಹೇಗೆ

ಒಂದು ಪರೀಕ್ಷೆ ಮಾಡಿ. ನಿಮ್ಮ ಮುಂಗೈ ಚರ್ಮ ನೋಡಿ. ಆಮೇಲೆ ರವಿಕೆ ಅಥವಾ ಅಂಗಿಯ ತೋಳಿನೊಳಗೆ, ತೋಳಿನ ಒಳಮಗ್ಗುಲ ಚರ್ಮ ನೋಡಿ. ಎರಡಕ್ಕೂ ವಯಸ್ಸು ಒಂದೇ. ಆದರೆ ಒಂದು ಒರಟು, ಕಪ್ಪು, ಗೆರೆ ಗೆರೆ, ಇನ್ನೊಂದು ನುಣುಪು. ಈ ವ್ಯತ್ಯಾಸದಲ್ಲಿ ಹೆಚ್ಚಿನ ಪಾಲು ಬಿಸಿಲಿನದು.

ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣ ಎರಡು ಬಗೆ ನಮ್ಮನ್ನು ಮುಟ್ಟುತ್ತೆ. ಯುವಿ-ಬಿ ಮೇಲುಚರ್ಮವನ್ನು ಸುಡುತ್ತೆ. ಯುವಿ-ಎ ಇನ್ನೂ ಆಳಕ್ಕೆ ಇಳಿದು ಚರ್ಮವನ್ನು ಬಿಗಿಯಾಗಿ ಹಿಡಿದಿಟ್ಟಿರೋ ಕೊಲಾಜೆನ್ ಅನ್ನೋ ನಾರನ್ನು ಕಡಿದುಹಾಕುತ್ತೆ. ನಾರು ಸಡಿಲವಾದರೆ ಸುಕ್ಕು, ಜೋಲು. ಯುವಿ-ಎ ಕಿಟಕಿ ಗಾಜನ್ನೂ ದಾಟಿ ಬರುತ್ತೆ. ಅಮೆರಿಕದಲ್ಲಿ 28 ವರ್ಷ ಲಾರಿ ಓಡಿಸಿದ 69 ವರ್ಷದ ಒಬ್ಬ ಚಾಲಕನ ಫೋಟೊ 2012ರಲ್ಲಿ ಅಲ್ಲಿನ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. ಕಿಟಕಿ ಕಡೆಯ ಎಡಕೆನ್ನೆ ಉತ್ತ ಹೊಲದ ಹಾಗೆ ಸಾಲು ಸಾಲು. ಬಲಕೆನ್ನೆ ಹತ್ತಾರು ವರ್ಷ ಚಿಕ್ಕವನದ್ದು ಅನ್ನೋ ಹಾಗಿದೆ. ನಮ್ಮ ಲಾರಿ ಡ್ರೈವರುಗಳಿಗಾದರೆ ಬಲಕೆನ್ನೆಗೆ ಹಾಗಾಗುತ್ತೆ, ಅಷ್ಟೇ ವ್ಯತ್ಯಾಸ.

ಇದು ಅಡಿಕೆ ಬೆಳೆಯೋರಿಗೆ ಹೊಸ ವಿಷಯ ಅಲ್ಲ. ನೈಋತ್ಯದ ಬಿಸಿಲು ನೇರವಾಗಿ ಬಡಿಯೋ ಅಡಿಕೆ ಮರದ ಕಾಂಡ ಆ ಮಗ್ಗುಲಲ್ಲೇ ಹಳದಿಯಾಗಿ, ಕಂದಾಗಿ, ಸೀಳು ಬಿಡುತ್ತೆ. ಅದಕ್ಕೇ ಸುಣ್ಣ ಬಳಿತೀವಿ, ಇಲ್ಲಾ ಹಾಳೆ ಕಟ್ಟುತೀವಿ, ಪಡುವಣ ಅಂಚಿಗೆ ನೆರಳಿನ ಮರ ಹಾಕ್ತೀವಿ. ಒಂದು ಸಲ ಸೀಳಿದ ಕಾಂಡವನ್ನು ಯಾವ ಗೊಬ್ಬರವೂ ಮೊದಲಿನಂತೆ ಮಾಡಲ್ಲ. ಮರಕ್ಕೆ ಇಷ್ಟು ಮಾಡೋ ನಾವು ನಮ್ಮ ಮುಖಕ್ಕೆ ಮಾಡಲ್ಲ.

ಇದರ ಜತೆಗೆ, ವಯಸ್ಸಾದಂತೆ ಚರ್ಮದಲ್ಲಿ ಎಣ್ಣೆ ಊರೋದು ಕಡಿಮೆಯಾಗುತ್ತೆ. ಮೇಲುಚರ್ಮ ಇಟ್ಟಿಗೆ ಗೋಡೆ ಇದ್ದಂಗೆ. ಜೀವಕೋಶ ಇಟ್ಟಿಗೆ, ನಡುವೆ ಇರೋ ಕೊಬ್ಬು ಗಾರೆ. ಗಾರೆ ಉದುರಿದ ಗೋಡೆಯಿಂದ ನೀರು ಆರಿ ಹೋಗುತ್ತೆ. ಒಣಗಿದ ಚರ್ಮದಲ್ಲಿ ಸಣ್ಣ ಗೆರೆಯೂ ದೊಡ್ಡದಾಗಿ ಕಾಣುತ್ತೆ, ಬೇಸಿಗೆಯಲ್ಲಿ ಕೆರೆಯ ಗೋಡು ಬಿರುಕು ಬಿಟ್ಟ ಹಾಗೆ.

ಡಬ್ಬಿ ಓದೋ ಕ್ರಮ

ಕ್ರೀಮಿನ ಡಬ್ಬಿಯ ಹಿಂದೆ ಅಥವಾ ರಟ್ಟಿನ ಪೆಟ್ಟಿಗೆಯ ಮೇಲೆ ಸಾಮಗ್ರಿ ಪಟ್ಟಿ ಇರಲೇಬೇಕು. ನಮ್ಮ ದೇಶದ ನಿಯಮದಂತೆ ಶೇ. 1ಕ್ಕಿಂತ ಹೆಚ್ಚು ಇರೋ ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೀಬೇಕು. ಅಂದರೆ ಮೊದಲು ಬರೆದಿದ್ದು ಎಲ್ಲಕ್ಕಿಂತ ಜಾಸ್ತಿ. ಶೇ. 1 ಮತ್ತು ಅದಕ್ಕಿಂತ ಕಡಿಮೆ ಇರೋವನ್ನು ಕೊನೆಯಲ್ಲಿ ಯಾವ ಕ್ರಮದಲ್ಲಾದರೂ ಬರೀಬಹುದು. ಈ ಒಂದು ನಿಯಮ ನೆನಪಿದ್ದರೆ ಮುಚ್ಚಳದ ಮೇಲಿನ ಚಿತ್ರಕ್ಕೆ ಮೋಸ ಹೋಗಲ್ಲ.

ಅಕ್ಕನ ಡಬ್ಬಿಯಲ್ಲಿ ಇದ್ದಿದ್ದು ಸುಮಾರಾಗಿ ಹೀಗೆ. ಮಾರುಕಟ್ಟೆಯ ಬಹುಪಾಲು ಕ್ರೀಮುಗಳೂ ಹೀಗೇ ಇರುತ್ವೆ.

1. ನೀರು. ಪಟ್ಟಿಯಲ್ಲಿ 'ಆಕ್ವಾ' ಅಂತಲೂ ಬರೀತಾರೆ. ಸಾಮಾನ್ಯ ಕ್ರೀಮಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಇದೇ.

2. ನೀರು ಹಿಡಿಯೋ ಪದಾರ್ಥ. ಗ್ಲಿಸರಿನ್, ಹ್ಯಾಲುರಾನಿಕ್ ಆಮ್ಲ ಇಂಥವು. ಮರಳು ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಹಾಕಿದರೆ ತೇವ ನಿಲ್ಲುತ್ತಲ್ಲ, ಅದೇ ಕೆಲಸ. ಗ್ಲಿಸರಿನ್ ಕಮ್ಮಿ ಬೆಲೆಯದ್ದು, ಆದರೆ ಬಹಳ ಚೆನ್ನಾಗಿ ಕೆಲಸ ಮಾಡುತ್ತೆ. ಕೊಬ್ಬರಿ ಎಣ್ಣೆಯಿಂದ ಸೋಪು ಮಾಡುವಾಗ ಜತೆಗೆ ಹುಟ್ಟೋದೂ ಗ್ಲಿಸರಿನ್ನೇ.

3. ಎಣ್ಣೆ, ಮೇಣ. ಖನಿಜ ಎಣ್ಣೆ, ಪೆಟ್ರೋಲಿಯಂ ಜೆಲ್ಲಿ, ಜೇನುಮೇಣ, ಶಿಯಾ ಬೆಣ್ಣೆ. ಇವು ಮಲ್ಚಿಂಗ್. ಪಾತಿ ಮೇಲೆ ತೆಂಗಿನ ಗರಿ, ಒಣಹುಲ್ಲು ಹೊದಿಸಿದರೆ ನೀರು ಆವಿಯಾಗೋದು ನಿಲ್ಲುತ್ತೆ. ಮುಖದ ಮೇಲೆ ಎಣ್ಣೆ ಮೇಣದ ಪದರವೂ ಅಷ್ಟೇ. ಒಣ ಪಾತಿಗೆ ಹೊದಿಕೆ ಹಾಕಿದರೆ ಪ್ರಯೋಜನ ಕಡಿಮೆ. ಹಾಗೇ ಮುಖ ತೊಳೆದು, ಇನ್ನೂ ಪಸೆ ಇರುವಾಗಲೇ ಕ್ರೀಮು ಹಚ್ಚಬೇಕು.

4. ನೀರು ಎಣ್ಣೆ ಬೆರೆಸೋ ಪದಾರ್ಥ. ಸಿಟೈಲ್, ಸ್ಟಿಯರೇಟ್, ಪಾಲಿಸಾರ್ಬೇಟ್ ಅನ್ನೋ ಹೆಸರುಗಳು. ಬೇವಿನ ಎಣ್ಣೆಯನ್ನು ನೇರ ನೀರಿಗೆ ಸುರಿದರೆ ಮೇಲೆ ತೇಲುತ್ತೆ, ಸೋಪಿನ ನೀರು ಹಾಕಿದರೆ ಹಾಲಿನ ಹಾಗೆ ಬೆಳ್ಳಗಾಗುತ್ತೆ. ಕ್ರೀಮು ಬೆಳ್ಳಗಿರೋದೂ ಅದಕ್ಕೇ.

5. ಕೆಲಸ ಮಾಡೋ ಪದಾರ್ಥ. 'ವಯಸ್ಸು ತಡೆಯುತ್ತೆ' ಅನ್ನೋ ಮಾತಿಗೆ ಆಧಾರ ಇರೋದು ಇಲ್ಲಿ. ಇದರ ಬಗ್ಗೆ ಮುಂದೆ ಹೇಳ್ತೀನಿ.

6. ಕೆಡದಂತೆ ಕಾಯೋ ಪದಾರ್ಥ. ಫಿನಾಕ್ಸಿ ಎಥನಾಲ್, ಪ್ಯಾರಾಬೆನ್ ಮುಂತಾದವು. ಫಿನಾಕ್ಸಿ ಎಥನಾಲ್ ಶೇ. 1ನ್ನು ಮೀರುವ ಹಾಗಿಲ್ಲ.

7. ಸುವಾಸನೆ, ಬಣ್ಣ. ಚರ್ಮಕ್ಕೆ ಇದರಿಂದ ಲಾಭ ಇಲ್ಲ. ತುರಿಕೆ ಬರೋರಿಗೆ ಎಷ್ಟೋ ಸಲ ಕಾರಣ ಇದೇ ಆಗಿರುತ್ತೆ.

ಅಕ್ಕನ ಡಬ್ಬಿಯಲ್ಲಿ ಲೋಳೆಸರ ಮತ್ತು ಕೇಸರಿಯ ಹೆಸರು ಫಿನಾಕ್ಸಿ ಎಥನಾಲ್‌ನ ನಂತರ ಇತ್ತು. ಅದು ಶೇ. 1 ದಾಟುವ ಹಾಗಿಲ್ಲ ಅಂದ ಮೇಲೆ ಅದರ ಹಿಂದೆ ನಿಂತಿರೋ ಲೋಳೆಸರವೂ ಶೇ. 1ಕ್ಕಿಂತ ಹೆಚ್ಚಿರೋಕೆ ಸಾಧ್ಯ ಇಲ್ಲ. ಅಕ್ಕ ಡಬ್ಬಿ ಕೈಗೆ ತಗೊಂಡು, "ಅಂದ್ರೆ ಮುಚ್ಚಳದ ಮೇಲಿರೋದು ಕೊನೆಯಲ್ಲಿ, ಕೊನೆಯಲ್ಲಿರಬೇಕಾದ ನೀರು ಮೊದಲಲ್ಲಿ" ಅಂದರು.

ನಿಜವಾಗಿ ಕೆಲಸ ಮಾಡೋದು ಯಾವುದು

ರೆಟಿನಾಲ್: ಇದು ವಿಟಮಿನ್ ಎ ಬಳಗದ್ದು. ಇದೇ ಬಳಗದ ಟ್ರೆಟಿನಾಯಿನ್ ಅನ್ನು ಮೊದಲು ಮೊಡವೆಗೆ ಕೊಡ್ತಾ ಇದ್ದರು. ಬಿಸಿಲಿನಿಂದ ಮುಪ್ಪಾದ ಚರ್ಮಕ್ಕೂ ಅದು ಫಲ ಕೊಡುತ್ತೆ ಅಂತ ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್ಮನ್ ಮತ್ತು ಸಂಗಡಿಗರು 1986ರಲ್ಲಿ ತೋರಿಸಿದರು. ಟ್ರೆಟಿನಾಯಿನ್ ಡಾಕ್ಟರ ಚೀಟಿಯ ಮೇಲೆ ಕೊಡೋ ಔಷಧ. ಅಂಗಡಿ ಕ್ರೀಮಿನ ರೆಟಿನಾಲ್ ಅದಕ್ಕಿಂತ ಸೌಮ್ಯ, ಫಲವೂ ನಿಧಾನ. ರಾತ್ರಿ ಮಾತ್ರ, ಕಡಲೆಕಾಳಿನಷ್ಟು, ಮೊದಮೊದಲು ವಾರಕ್ಕೆ ಎರಡು ಸಲ ಸಾಕು. ಹಚ್ಚಿಕೊಂಡು ಹಗಲು ಬರಿ ಮುಖದಲ್ಲಿ ಹೊಲಕ್ಕೆ ಹೋದರೆ ಉರಿ, ಸಿಪ್ಪೆ ಏಳುತ್ತೆ. ಬಸುರಿಯರು ಮತ್ತು ಮಗುವಿಗೆ ತಯಾರಿ ಮಾಡ್ತಿರೋರು ಹಚ್ಚಬಾರದು.

ನಯಾಸಿನಮೈಡ್: ಇದು ವಿಟಮಿನ್ ಬಿ3. ಇಟ್ಟಿಗೆ ಗೋಡೆಯ ಗಾರೆ ಗಟ್ಟಿ ಮಾಡುತ್ತೆ, ಕಲೆ ತಿಳಿಯಾಗೋಕೆ ಸಹಾಯ ಮಾಡುತ್ತೆ. ಹೆಚ್ಚಿನವರಿಗೆ ಒಗ್ಗುತ್ತೆ.

ವಿಟಮಿನ್ ಸಿ: ಒಳ್ಳೆಯದೇ, ಆದರೆ ಗಾಳಿ ಬೆಳಕಿಗೆ ಬೇಗ ಕೆಡುತ್ತೆ. ಹೆಚ್ಚಿದ ಸೇಬು ಕಂದಾಗೋ ಹಾಗೆ ಅದೂ ಕಂದಾಗುತ್ತೆ. ಬಾಯಿ ಅಗಲದ ಡಬ್ಬಿಯಲ್ಲಿ ಇದ್ದರೆ ಹೆಚ್ಚು ದಿನ ನಂಬಬೇಡಿ.

ಕೊಲಾಜೆನ್: ಇದು ಚರ್ಮದೊಳಗೆ ಇಳಿಯಲಾರದಷ್ಟು ದೊಡ್ಡ ಅಣು. ಮೇಲೆ ಕೂತು ತೇವ ಹಿಡಿಯುತ್ತೆ ಅಷ್ಟೇ. ಒಳಗಿನ ಕಡಿದ ನಾರಿಗೆ ಇದು ಸೇರಲ್ಲ.

ಎಲ್ಲಕ್ಕಿಂತ ದೊಡ್ಡದು ಬಿಸಿಲು ತಡೆಯೋ ಪದಾರ್ಥ. ಜಿಂಕ್ ಆಕ್ಸೈಡ್ ಇಂಥವು. ಆಸ್ಟ್ರೇಲಿಯಾದ ನ್ಯಾಂಬೋರ್ ಅನ್ನೋ ಊರಿನಲ್ಲಿ 903 ಜನರ ಮೇಲೆ ನಾಲ್ಕೂವರೆ ವರ್ಷ ಒಂದು ಅಧ್ಯಯನ ನಡೆಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಮನಸ್ಸಿಗೆ ಬಂದಾಗ ಸನ್‌ಸ್ಕ್ರೀನ್ ಹಚ್ಚಿದವರಿಗಿಂತ ದಿನಾ ತಪ್ಪದೆ ಹಚ್ಚಿದವರ ಚರ್ಮ ಮುಪ್ಪಾಗೋದು ಶೇ. 24ರಷ್ಟು ಕಡಿಮೆ ಇತ್ತು. ಅಡಿಕೆ ಮರದ ಸುಣ್ಣದ ಲೆಕ್ಕವೇ ಇಲ್ಲೂ ನಿಜವಾಯ್ತು.

ಹಾಗಾದರೆ ಕ್ರೀಮಿನಿಂದ ಲಾಭ ಏನು

ತೇವದ ಲಾಭ ಅದೇ ದಿನ ಕಾಣುತ್ತೆ. ಚರ್ಮ ಬಿಗಿಯೋದು, ಬಿರಿಯೋದು, ತುರಿಕೆ ಕಡಿಮೆಯಾಗುತ್ತೆ. ಒಣಗಿ ಎದ್ದು ಕಾಣ್ತಿದ್ದ ಸಣ್ಣ ಗೆರೆ ತುಂಬಿಕೊಂಡ ಹಾಗೆ ಕಾಣುತ್ತೆ. ಹಚ್ಚೋದು ಬಿಟ್ಟರೆ ಮತ್ತೆ ಬರುತ್ತೆ. ನಯಾಸಿನಮೈಡ್, ರೆಟಿನಾಲ್ ಇರೋದಾದರೆ ಎರಡು ಮೂರು ತಿಂಗಳಾದರೂ ಕಾಯಬೇಕು. ಚರ್ಮದ ಮೇಲ್ಪದರ ಹೊಸದಾಗೋಕೇ ಸುಮಾರು ನಾಲ್ಕು ವಾರ ಹಿಡಿಯುತ್ತೆ. ಏಳು ದಿನದಲ್ಲಿ ಹತ್ತು ವರ್ಷ ಕಡಿಮೆ ಅನ್ನೋದನ್ನು ಏಳು ದಿನದಲ್ಲಿ ತೆಂಗು ಫಲ ಕೊಡುತ್ತೆ ಅನ್ನೋ ಮಾತಿನ ಸಾಲಿಗೆ ಸೇರಿಸಿ.

ಆಳವಾದ ಸುಕ್ಕು ಯಾವ ಕ್ರೀಮಿನಿಂದಲೂ ಪೂರ್ತಿ ಹೋಗಲ್ಲ. ಕಂಪನಿಗಳು ಬರೆಯೋ ಮಾತನ್ನು ಗಮನಿಸಿ. 'ಸುಕ್ಕು ಕಾಣಿಸುವುದು ಕಡಿಮೆ' ಅಂತಲೇ ಹೆಚ್ಚಾಗಿ ಬರೀತಾರೆ, 'ಸುಕ್ಕು ಹೋಗುತ್ತದೆ' ಅಂತ ಅಲ್ಲ.

ನಾನು ಮಾಡಿದ ತಪ್ಪು

ಇಷ್ಟು ಹೇಳಿದ ಮೇಲೆ ನನ್ನ ಕಥೆಯನ್ನೂ ಹೇಳಲೇಬೇಕು. ಮೂರು ವರ್ಷದ ಹಿಂದೆ ನಮ್ಮ ಸ್ತ್ರೀಶಕ್ತಿ ಸಂಘದ ಹೆಂಗಸರಿಗೆ ನಾನೇ ಹುರುಪು ತುಂಬಿದ್ದೆ. ಬದುವಿನಲ್ಲಿ ಲೋಳೆಸರ ಇದೆ, ಮನೆಯಲ್ಲಿ ಕೊಬ್ಬರಿ ಎಣ್ಣೆ ಇದೆ, ಪೆಟ್ಟಿಗೆಯಲ್ಲಿ ಜೇನುಮೇಣ ಇದೆ, ನಾವೇ ಕ್ರೀಮ್ ಮಾಡೋಣ, ಒಂದು ಹನಿ ರಾಸಾಯನಿಕ ಬೇಡ ಅಂತ. ಲೋಳೆಸರದ ತಿರುಳು ಮಿಕ್ಸಿಗೆ ಹಾಕಿ, ಎಣ್ಣೆ ಮೇಣ ಕರಗಿಸಿ ಬೆರೆಸಿ, ಚಂದದ ಬೆಳ್ಳನೆ ಕ್ರೀಮು ಮಾಡಿದೆ. ಹನ್ನೊಂದು ಡಬ್ಬಿ. ಮೊದಲ ಡಬ್ಬಿ ನಮ್ಮ ಅತ್ತೆಗೆ.

ಒಂಬತ್ತನೇ ದಿನ ಅತ್ತೆಯ ಎರಡೂ ಕೆನ್ನೆ ಮೇಲೆ ಕೀವುಗುಳ್ಳೆ. "ಯಾವಾಗಿಂದ ಅತ್ತೆ?" ಅಂದೆ. "ನಾಕು ದಿನ ಆಯ್ತು" ಅಂದರು. ತುರಿಕೆ ಶುರುವಾದ ಮೇಲೂ ನಾಲ್ಕು ದಿನ ಅದನ್ನೇ ಹಚ್ಚಿಕೊಂಡಿದ್ದರು. "ಅಷ್ಟು ಆಸೆಪಟ್ಟು ಮಾಡಿದ್ದೀಯ, ಹೆಂಗಮ್ಮ ಬೇಡ ಅನ್ನೋದು?"

ಡಬ್ಬಿ ತೆಗೆದು ನೋಡಿದರೆ ಮುಚ್ಚಳದ ಒಳಗೆ ಕರೀ ಬೂಷ್ಟು ಚುಕ್ಕಿ. ತುಮಕೂರಿನ ಚರ್ಮದ ಡಾಕ್ಟರು ಡಬ್ಬಿಯನ್ನು ಒಮ್ಮೆ ಮೂಸಿ ನೋಡಿ, "ಇದಕ್ಕೆ ಕೆಡದ ಹಾಗೆ ಏನು ಹಾಕಿದ್ದೀರಿ?" ಅಂತ ಕೇಳಿದರು. "ಏನೂ ಇಲ್ಲ, ಪೂರ್ತಿ ನೈಸರ್ಗಿಕ" ಅಂದೆ. ಅವರು ನನ್ನ ಮುಖ ನೋಡಿದರು. ಗುಣವಾಗೋಕೆ ಮೂರು ವಾರ ಬೇಕಾಯ್ತು. ಉಳಿದ ಹತ್ತು ಡಬ್ಬಿಯನ್ನು ಮನೆ ಮನೆಗೆ ಹೋಗಿ ವಾಪಸ್ ಕೇಳಿ ತಂದೆ.

ಬೇಜಾರಾಗಿದ್ದು ಏನಂದರೆ, ಇದು ನನಗೆ ಗೊತ್ತಿರಬೇಕಾದ ವಿಷಯ. ಜೀವಾಮೃತದ ಡ್ರಮ್ಮಿಗೆ ಬೆಲ್ಲ, ಹಿಟ್ಟು, ನೀರು ಹಾಕೋದು ಯಾಕೆ? ಸೂಕ್ಷ್ಮಜೀವಿ ಕೋಟಿಗಟ್ಟಲೆ ಬೆಳೆಯಲಿ ಅಂತ. ಲೋಳೆಸರದ ತಿರುಳಲ್ಲಿ ನೀರೂ ಇದೆ, ಸಕ್ಕರೆ ಅಂಶವೂ ಇದೆ. ಅದನ್ನು ಡಬ್ಬಿಗೆ ತುಂಬಿ, ದಿನಾ ಬೆರಳು ಅದ್ದಿದರೆ ಅದು ಇನ್ನೊಂದು ಜೀವಾಮೃತ. ಮಣ್ಣಿಗೆ ಬೇಕಾದ್ದು ಕೆನ್ನೆಗೆ ಬೇಡ. ನೀರಿರೋ ಯಾವುದೇ ಕ್ರೀಮಿಗೆ ಕೆಡದಂತೆ ಕಾಯೋ ಪದಾರ್ಥ ಬೇಕೇ ಬೇಕು. ಇವತ್ತಿಗೂ ನಾನು ಹೊಲಕ್ಕೆ ರಾಸಾಯನಿಕ ಹಾಕಲ್ಲ. ಆದರೆ ಕ್ರೀಮಿನಲ್ಲಿ ಶೇ. 1ರೊಳಗಿನ ಫಿನಾಕ್ಸಿ ಎಥನಾಲ್ ನೋಡಿ ಹೆದರೋದು ಬಿಟ್ಟಿದ್ದೀನಿ.

ಮನೆಯಲ್ಲಿ ಮಾಡಬಹುದಾದ್ದು, ಮಾಡಬಾರದ್ದು

ನೀರಿಲ್ಲದ ಮುಲಾಮು ಮಾಡಬಹುದು. ಕೊಬ್ಬರಿ ಎಣ್ಣೆ 80 ಗ್ರಾಂ, ಶುದ್ಧ ಜೇನುಮೇಣ 20 ಗ್ರಾಂ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, ಒಣಗಿದ ಡಬ್ಬಿಗೆ ಸುರಿದು ಆರಲು ಬಿಡಿ. ನೀರಿನ ಪಸೆ ತಾಗದಿದ್ದರೆ ತಿಂಗಳುಗಟ್ಟಲೆ ಇರುತ್ತೆ. ಹಿಮ್ಮಡಿ ಬಿರುಕು, ಕೈ, ತುಟಿಗೆ ಬಹಳ ಒಳ್ಳೆಯದು. ಒಣ ಚರ್ಮದೋರು ರಾತ್ರಿ ಮುಖಕ್ಕೂ ತೆಳ್ಳಗೆ ಹಚ್ಚಬಹುದು. ಮೊಡವೆ ಏಳೋರಿಗೆ ಕೊಬ್ಬರಿ ಎಣ್ಣೆ ಮುಖಕ್ಕೆ ಬೇಡ. ಎಣ್ಣೆ, ಮೇಣದ ಈ ಜೋಡಿ ಹಳೇ ಕಾಲದ್ದು. ಎರಡನೇ ಶತಮಾನದ ಗ್ರೀಕ್ ವೈದ್ಯ ಗ್ಯಾಲೆನ್ ಜೇನುಮೇಣ, ಆಲಿವ್ ಎಣ್ಣೆ, ಗುಲಾಬಿ ನೀರು ಬೆರೆಸಿ ಮಾಡಿದ್ದನ್ನೇ ಇವತ್ತಿನ ಕೋಲ್ಡ್ ಕ್ರೀಮಿನ ಮೂಲ ಅಂತಾರೆ. ನಮ್ಮ ಆಯುರ್ವೇದದಲ್ಲಿ ತುಪ್ಪವನ್ನು ತಾಮ್ರದ ಪಾತ್ರೆಯಲ್ಲಿ ನೂರು ಸಲ ನೀರಲ್ಲಿ ತೊಳೆದು ಬೆಣ್ಣೆಯಂತೆ ಮಾಡೋ ಶತಧೌತ ಘೃತ ಇದೆ.

ಲೋಳೆಸರ ಹಚ್ಚೋದಾದರೆ ಎಲೆ ಕೊಯ್ದು ಬುಡ ಕೆಳಗೆ ಮಾಡಿ ಅರ್ಧ ಗಂಟೆ ನಿಲ್ಲಿಸಿ. ಹಳದಿ ಸೊನೆ ಇಳಿದು ಹೋಗಲಿ, ಅದು ತುರಿಕೆ ತರುತ್ತೆ. ತಿರುಳನ್ನು ತೊಳೆದು ಆಗಲೇ ಹಚ್ಚಿ, ಉಳಿದಿದ್ದು ಗಿಡದ ಬುಡಕ್ಕೆ ಹಾಕಿ. ಎತ್ತಿಡಬೇಡಿ. ಹೊಸದು ಏನೇ ಹಚ್ಚಿದರೂ ಮೊದಲು ಮೊಣಕೈ ಒಳಬದಿಗೆ ಸ್ವಲ್ಪ ಹಚ್ಚಿ ಎರಡು ದಿನ ಕಾದು ನೋಡಿ.

ನಿಂಬೆರಸ ಹಚ್ಚಿ ಬಿಸಿಲಿಗೆ ಹೋಗಬೇಡಿ. ನಿಂಬೆಯ ರಸ ತಾಗಿದ ಚರ್ಮ ಬಿಸಿಲಿಗೆ ಬೊಬ್ಬೆ ಬಂದು ಕಪ್ಪು ಕಲೆಯಾಗಬಹುದು. ಅಡುಗೆ ಸೋಡವೂ ಬೇಡ. ಆರೋಗ್ಯವಾದ ಚರ್ಮದ ರಸಸಾರ ಸುಮಾರು 5, ಅಂದರೆ ಸ್ವಲ್ಪ ಹುಳಿ. ಸೋಡ ಅದನ್ನು ಕ್ಷಾರದ ಕಡೆಗೆ ಎಳೆಯುತ್ತೆ. ಚೌಳು ಮಣ್ಣಿನಲ್ಲಿ ಬೆಳೆ ಹೆಂಗಾಗುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಇನ್ನೊಂದು ಮಾತು. ಔಷಧಿ ಹೊಡೆದು ಬಂದ ಕೈಯಲ್ಲಿ ಕ್ರೀಮಿನ ಡಬ್ಬಿ ಮುಟ್ಟಬೇಡಿ. ಮೊದಲು ಸೋಪು ಹಾಕಿ ಕೈ ಮುಖ ತೊಳೆದು, ಸ್ನಾನ ಮಾಡಿ, ಆಮೇಲೆ ಕ್ರೀಮು. ವಿಷದ ಪಸೆ ಇರೋ ಚರ್ಮದ ಮೇಲೆ ಕ್ರೀಮು ಹೊದಿಸಿದರೆ ವಿಷವೂ ಒಳಗೇ ಉಳಿಯುತ್ತೆ.

ಸಂತೆಯ ಬಿಳಿ ಮಾಡೋ ಕ್ರೀಮು

ಚೀಟಿ ಇಲ್ಲದ, ಬರಿ ಚಿತ್ರ ಇರೋ ಕ್ರೀಮನ್ನು ಸಂತೆಯಲ್ಲಿ, ಬಳೆ ಅಂಗಡಿಯಲ್ಲಿ ತಗೋಬೇಡಿ. ಒಂದು ವಾರದಲ್ಲಿ ಬೆಳ್ಳಗಾದರೆ ಖುಷಿ ಅಲ್ಲ, ಅನುಮಾನ ಪಡಬೇಕು. ಅಂಥದ್ದರಲ್ಲಿ ಪಾದರಸ ಅಥವಾ ಸ್ಟೀರಾಯ್ಡ್ ಇರೋ ಸಂಭವ ಹೆಚ್ಚು. ಪಾದರಸ ಚರ್ಮದ ಮೂಲಕ ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕೆಡಿಸುತ್ತೆ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಒಂದು ಬಗೆಯ ಮೂತ್ರಪಿಂಡದ ಕಾಯಿಲೆ ಬಂದವರಲ್ಲಿ ಹೆಚ್ಚಿನವರು ಬಿಳಿ ಮಾಡೋ ಕ್ರೀಮು ಬಳಸ್ತಿದ್ದರು ಅಂತ ವೈದ್ಯರು 2023ರಲ್ಲಿ ಎಚ್ಚರಿಸಿದ್ದರು. ನಮ್ಮ ಕಾನೂನಿನಲ್ಲಿ ಮುಖದ ಕ್ರೀಮಿಗೆ ಪಾದರಸ ಬೆರೆಸುವ ಹಾಗೇ ಇಲ್ಲ. ಅರಿಯದೆ ಸೇರಿದರೂ ಹತ್ತು ಲಕ್ಷದಲ್ಲಿ ಒಂದು ಭಾಗ ಮೀರಬಾರದು.

ಸ್ಟೀರಾಯ್ಡ್ ಮುಲಾಮು ಮೊದಲ ವಾರ ಮುಖವನ್ನು ಹೊಳೆಸುತ್ತೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಕೆಂಪು ನರ ಕಂಡು, ಬಿಟ್ಟ ತಕ್ಷಣ ಉರಿ ಏಳುತ್ತೆ. 2018ರಿಂದ ಇಂಥ ಹಲವು ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಸರ್ಕಾರ ನಿಯಮ ಮಾಡಿದೆ. ಈಗಾಗಲೇ ಹಚ್ಚುತ್ತಿರೋರು ಒಮ್ಮೆಲೇ ಬಿಡದೆ ಚರ್ಮದ ಡಾಕ್ಟರನ್ನು ಕಾಣಿ. ಡಬ್ಬಿ ತಗೊಳ್ಳುವಾಗ ತಯಾರಕರ ಪೂರ್ತಿ ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಅವಧಿ ದಿನಾಂಕ ಇದೆಯಾ ನೋಡಿ. ಬಿತ್ತನೆ ಬೀಜದ ಚೀಟಿ ನೋಡ್ತೀವಲ್ಲ, ಹಾಗೇ.

ಲೋಳೆಸರ ಬೆಳೆಯೋರಿಗೆ ಲೆಕ್ಕ

ಲೋಳೆಸರದ ತಿರುಳಿನಲ್ಲಿ ಶೇ. 98ಕ್ಕಿಂತ ಹೆಚ್ಚು ನೀರು. ಅದಕ್ಕೇ ಕಂಪನಿಗಳು ಹೆಚ್ಚಾಗಿ ತಗೊಳ್ಳೋದು ಒಣಗಿಸಿದ ಪುಡಿ. 200 ಕೆ.ಜಿ. ರಸಕ್ಕೆ 1 ಕೆ.ಜಿ. ಪುಡಿ. 50 ಗ್ರಾಂ ಕ್ರೀಮಿಗೆ ಶೇ. 0.1ರಷ್ಟು ಪುಡಿ ಹಾಕಿದರು ಅಂದುಕೊಳ್ಳಿ. ಅದು 50 ಮಿಲಿಗ್ರಾಂ, ಅಂದರೆ 10 ಗ್ರಾಂ ರಸ. 400 ಗ್ರಾಂ ತೂಗೋ ಒಂದು ಎಲೆಯಲ್ಲಿ 200 ಗ್ರಾಂ ರಸ ಸಿಕ್ಕಿದರೆ ಒಂದು ಎಲೆಗೆ ಇಪ್ಪತ್ತು ಡಬ್ಬಿ. ಎರಡು ಅಡಿಗೆ ಒಂದೂವರೆ ಅಡಿ ಅಂತರದಲ್ಲಿ ಎಕರೆಗೆ ಸುಮಾರು 15 ಸಾವಿರ ಗಿಡ. ಗಿಡಕ್ಕೆ ಒಂದೇ ಎಲೆ ಕಿತ್ತರೂ ಮೂರು ಲಕ್ಷ ಡಬ್ಬಿಗೆ ಆಯ್ತು. ಡಬ್ಬಿಗೆ 700 ರೂಪಾಯಿ ಆದರೂ ಎಲೆಯ ಪಾಲು ಪೈಸೆ ಲೆಕ್ಕದಲ್ಲಿ ಇರೋದು ಇದಕ್ಕೇ.

ಕೊಯ್ದ ಎಲೆಯನ್ನು ಕೆಲವೇ ಗಂಟೆಯಲ್ಲಿ ಸಂಸ್ಕರಿಸಬೇಕು. ಹತ್ತಿರದಲ್ಲಿ ಘಟಕ ಇಲ್ಲದಿದ್ದರೆ ನೀರನ್ನು ಲಾರಿಯಲ್ಲಿ ಸಾಗಿಸಿದ ಹಾಗೆ. ನಮ್ಮ ಸಂಬಂಧಿಕರೊಬ್ಬರು "ಸಸಿ ನಮ್ಮಿಂದಲೇ ತಗೊಳ್ಳಿ, ಎಲೆ ನಾವೇ ವಾಪಸ್ ಕೊಳ್ತೀವಿ" ಅನ್ನೋ ಮಾತು ನಂಬಿ ಒಂದು ಎಕರೆ ಹಾಕಿದರು. ಸಸಿ ಮಾರಿದವರು ಎಲೆ ಕೊಯ್ಯೋ ಕಾಲಕ್ಕೆ ಫೋನ್ ಎತ್ತಲಿಲ್ಲ. ಕೊನೆಗೆ ರೋಟವೇಟರ್ ಹೊಡೆಸಿದರು. ಹಾಕೋ ಮುಂಚೆ ಕೊಳ್ಳೋರ ಘಟಕವನ್ನು ಕಣ್ಣಾರೆ ನೋಡಿ, ಬರವಣಿಗೆಯ ಒಪ್ಪಂದ ಮಾಡಿಕೊಳ್ಳಿ. ಹಿರೇಹಳ್ಳಿ ಅಥವಾ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಒಮ್ಮೆ ವಿಚಾರಿಸಿ. ಬದುವಿನ ಮೇಲೆ ಮನೆ ಬಳಕೆಗೆ ಹತ್ತು ಗಿಡ ಇರಲಿ, ತೊಂದರೆ ಇಲ್ಲ.

ಸಂಘದಿಂದ ಕ್ರೀಮು ಮಾಡಿ ಮಾರಬೇಕು ಅನ್ನೋರಿಗೆ: 2020ರ ಸೌಂದರ್ಯವರ್ಧಕ ನಿಯಮಗಳಂತೆ ತಯಾರಿಕೆಗೆ ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳ ಲೈಸೆನ್ಸ್ ಬೇಕು. ಉಪ್ಪಿನಕಾಯಿ, ಹಪ್ಪಳದ ಹಾಗೆ ಅಡುಗೆಮನೆಯಲ್ಲಿ ಮಾಡಿ ಮಾರುವ ಹಾಗಿಲ್ಲ. ನಮ್ಮ ಸಂಘ ಸದ್ಯ ಅದರ ಗೋಜಿಗೆ ಹೋಗದೆ ಗಾಣದ ಕೊಬ್ಬರಿ ಎಣ್ಣೆಯನ್ನು ಅಡುಗೆ ಎಣ್ಣೆಯಾಗಿ ಮಾರುತ್ತಿದೆ. ಅದಕ್ಕೆ ಬೇಕಾದ ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿದ್ದೀವಿ.

ಹೊಲದ ಮುಖಕ್ಕೆ ದಿನಚರಿ

ಮೊದಲು ಬಟ್ಟೆ, ಆಮೇಲೆ ಕ್ರೀಮು. ಅಗಲ ಅಂಚಿನ ಟೋಪಿ, ಇಲ್ಲಾ ಒತ್ತಾಗಿ ನೇಯ್ದ ಹತ್ತಿ ಟವೆಲನ್ನು ಹಣೆ, ಕೆನ್ನೆ ಮುಚ್ಚುವ ಹಾಗೆ ಕಟ್ಟಿ. ತೆಳು ಬಿಳಿ ಬಟ್ಟೆ ನೆನೆದರೆ ಬಿಸಿಲು ಒಳಗೆ ಬಿಡುತ್ತೆ, ಗಾಢ ಬಣ್ಣದ್ದು ಮೇಲು. ಹತ್ತರಿಂದ ನಾಲ್ಕರ ಕೆಲಸ ಸಾಧ್ಯವಾದಷ್ಟು ನೆರಳಿಗೆ ಇಟ್ಟುಕೊಳ್ಳಿ.

ಸನ್‌ಸ್ಕ್ರೀನ್ ತಗೊಳ್ಳೋ ಶಕ್ತಿ ಇದ್ದರೆ ಎಸ್.ಪಿ.ಎಫ್. 30 ಸಾಕು. ಯುವಿ-ಎ ತಡೆ ಇದೆಯಾ ನೋಡಿ. ಮುಖ, ಕುತ್ತಿಗೆಗೆ ಎರಡು ಬೆರಳುದ್ದ ಬೇಕು, ಬೆವರೋರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಹಾಗೆ ಹಚ್ಚಿದರೆ 50 ಗ್ರಾಂ ಟ್ಯೂಬು ತಿಂಗಳೂ ಬರಲ್ಲ. ಅದಕ್ಕೇ ಟವೆಲಿಗೆ ಮೊದಲ ಸ್ಥಾನ ಕೊಟ್ಟಿದ್ದು.

ಸಂಜೆ ಬಂದು ಮುಖ ತೊಳೆದು, ಪಸೆ ಇರುವಾಗಲೇ ಗ್ಲಿಸರಿನ್ ಇರೋ, ಸುವಾಸನೆ ಇಲ್ಲದ ಸಾದಾ ಕ್ರೀಮು. 150-200 ರೂಪಾಯಿಯದ್ದೂ ಈ ಕೆಲಸ ಚೆನ್ನಾಗಿ ಮಾಡುತ್ತೆ.

ಪಕ್ಕದ ಮನೆ ಅಕ್ಕ ಆ 700 ರೂಪಾಯಿ ಡಬ್ಬಿ ಎಸೆಯಲಿಲ್ಲ. ಎಸೆಯೋದು ಬೇಡ ಅಂತ ನಾನೇ ಹೇಳಿದೆ, ಅದರಲ್ಲಿ ಗ್ಲಿಸರಿನ್ ಇತ್ತು, ನಯಾಸಿನಮೈಡ್ ಇತ್ತು, ಒಳ್ಳೆ ಕ್ರೀಮೇ. ಖಾಲಿಯಾದ ಮೇಲೆ ಮತ್ತೆ ಅದನ್ನೇ ತರಬೇಕಾಗಿಲ್ಲ ಅಂದೆ, ಅಷ್ಟೇ. ಮದುವೆಯ ದಿನ ಅವರ ಕಣ್ಣಂಚಿನ ಗೆರೆಗಳು ಇದ್ದ ಹಾಗೇ ಇದ್ದವು, ಕೆನ್ನೆಯ ಸಿಪ್ಪೆ, ಬಿರುಕು ಹೋಗಿತ್ತು. ಈಗ ಹೊಲಕ್ಕೆ ಹೋಗುವಾಗ ಟವೆಲ್ ಕಟ್ಟಿಕೊಂಡೇ ಹೋಗ್ತಾರೆ. ಚಿಕ್ಕ ಮಗಳು ಹದಿನೇಳರವಳು, ಅವಳಿಗೂ ಕಟ್ಟುತ್ತಾರೆ. ನಿಜವಾದ ಲಾಭ ಆಗೋದು ಆ ಹುಡುಗಿಗೆ.

ನಮ್ಮ ಅತ್ತೆ ಮಾತ್ರ ನಾನು ಮಾಡಿದ ಮುಲಾಮನ್ನು ಹಿಮ್ಮಡಿಗೆ ಮಾತ್ರ ಹಚ್ಚುತ್ತಾರೆ. "ಮುಖಕ್ಕೆ ಬೇಡ ಕಣಮ್ಮ, ಒಂದ್ಸಲ ಸಾಕು" ಅಂತಾರೆ.

ಮುಂದಿನ ವಾರ ಅಡಿಕೆ ತೋಟಕ್ಕೆ ಬಿಸಿಲಿನ ರಕ್ಷಣೆ: ಸುಣ್ಣ ಯಾವಾಗ ಬಳಿಯಬೇಕು, ಎಷ್ಟು ಎತ್ತರಕ್ಕೆ ಬಳಿಯಬೇಕು ಅನ್ನೋದನ್ನು ನೋಡೋಣ.